ಕಟ್ಟಿದ ಲಿಂಗ, ಬೆಟ್ಟದ ಲಿಂಗ

ಚಿ. ಬಸವರಾಜನಿಗೆ ದೊಡ್ಡಪ್ಪನ ಆಶೀರ್ವಾದಗಳು.

ದೇವರೆಲ್ಲ ಒಂದೇ ಅಂದಮೇಲೆ ಮಂಗಳವಾರ ಒಂದು ಗುಡಿ, ಶನಿವಾರ ಇನ್ನೊಂದು ಗುಡಿ ಸುತ್ತಿದರೆ ತಪ್ಪೇನು ಎಂದು ಕೇಳಿದ್ದೀಯ. ‘ದೇವನೊಬ್ಬ ನಾಮ ಹಲವು’ ಎಂದವರು ಬಸವಣ್ಣನವರೇ, ನಿಜ. ಆದರೆ ಅದರ ಬೆನ್ನಿಗೇ ಪತಿವ್ರತೆಗೆ ಗಂಡನೊಬ್ಬ ಎಂದೂ ಹೇಳಿದ್ದಾರೆ; ಜನ ಅದನ್ನು ಬಿಟ್ಟು ಮೊದಲರ್ಧವನ್ನಷ್ಟೇ ಹೇಳುತ್ತಾರೆ. ಹೆಸರು ಹಲವಿದ್ದರೂ ನಿಷ್ಠೆ ಹಲವಾಗಬಾರದು.

12ನೇ ಶತಮಾನದ ಜನಕ್ಕೆ ಮಡಕೆ, ಮೊರ, ಬೀದಿಯ ಕಲ್ಲು, ಹಣಿಗೆ, ಕೊಳಗ ಎಲ್ಲವೂ ದೈವ. ಕಾಲಿಡಲು ಜಾಗವಿಲ್ಲ ಎಂದು ಬಸವಣ್ಣನವರು ನೊಂದರು. ಇನ್ನೊಂದು ವಚನದಲ್ಲಿ ಒರೆಗಲ್ಲನ್ನೇ ಕೊಟ್ಟಿದ್ದಾರೆ: ಅರಗಿನ ದೈವ ಕರಗುತ್ತದೆ, ಉರಿ ಕಂಡರೆ ಮುರುಟುತ್ತದೆ, ಅಡಚಣೆ ಬಂದರೆ ಮಾರುತ್ತೀರಿ, ಅಂಜಿಕೆಯಾದರೆ ಹೂಳುತ್ತೀರಿ. ನಾವು ಕಾಯಬೇಕಾದದ್ದು ನಮ್ಮನ್ನು ಹೇಗೆ ಕಾದೀತು?

ಹಾಗಾದರೆ ನಾವು ಮೈಮೇಲೆ ಕಟ್ಟಿಕೊಳ್ಳುವ ಇಷ್ಟಲಿಂಗವೂ ವಸ್ತುವೇ ಅಲ್ಲವೇ ಎನ್ನುತ್ತೀಯ. ಹೌದು. ಆದರೆ ಅದಕ್ಕೆ ಮುಖವಿಲ್ಲ, ಕೈಕಾಲಿಲ್ಲ, ಹೆಂಡಿರು ಮಕ್ಕಳಿಲ್ಲ. ಪುರಾಣದ ಕೈಲಾಸವಾಸಿಯ ಮೂರ್ತಿಯೂ ಅದಲ್ಲ. ಜಗದಗಲ, ಮುಗಿಲಗಲ ಇರುವುದು ಅಂಗೈಗೆ ಚುಳುಕಾಗಿ ಬಂದ ಕುರುಹು. ಕುರುಹಿನಲ್ಲೇ ನಿಂತು ಅರಿವಿಗೆ ದಾಟದಿದ್ದರೆ ಅದೂ ಅರಗಿನ ದೈವವೇ ಆದೀತು, ನೆನಪಿಡು.

ಪೂಜೆ ದಿನಕ್ಕೆ ಹದಿನೈದು ನಿಮಿಷ ಸಾಕು, ತಪ್ಪಿಸಬೇಡ. ಸ್ನಾನವಾದ ಮೇಲೆ ವಿಭೂತಿ ಧರಿಸಿ ಕೂರು. ಕರಡಿಗೆಯಿಂದ, ಅಂದರೆ ಲಿಂಗವಿಡುವ ಪುಟ್ಟ ಭರಣಿಯಿಂದ, ಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟು ತಣ್ಣೀರಿನಿಂದ ಮಜ್ಜನ ಮಾಡಿಸು. ಸಾಬೂನು, ಬಿಸಿನೀರು ಬೇಡ, ಮೇಲಿನ ಕಪ್ಪು ಲೇಪ, ಅಂದರೆ ಕಂತೆ, ಹಾಳಾಗುತ್ತದೆ. ಆಮೇಲೆ ವಿಭೂತಿ, ಪತ್ರೆ, ಹೂ ಏರಿಸಿ, ನೋಟಕ್ಕೆ ಕೂರುವಾಗ ಅವನ್ನು ತೆಗೆ. ಲಿಂಗವನ್ನು ಕಣ್ಣಿನ ಮಟ್ಟಕ್ಕೆ ಒಂದು ಗೇಣು ದೂರದಲ್ಲಿ ಹಿಡಿ. ದೀಪ ನಿನ್ನ ಹಿಂಬದಿಯಲ್ಲಿ ತುಸು ಮೇಲಿದ್ದರೆ ಲಿಂಗದ ಮೇಲೆ ಬೆಳಕಿನ ಒಂದು ಚುಕ್ಕೆ ಮೂಡುತ್ತದೆ; ನೋಟ ಅಲ್ಲೇ ನಿಲ್ಲಲಿ, ಒಳಗೆ ‘ಓಂ ನಮಃ ಶಿವಾಯ’ ನಡೆಯಲಿ. ಮೊದಮೊದಲು ಕೈ ಸೋತು ಚುಕ್ಕೆ ಓಡಾಡುತ್ತದೆ. ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು ಬಲಗೈ ಆಸರೆ ಕೊಡು. ಕಣ್ಣು ಉರಿದರೆ ಮುಚ್ಚು, ಹಟ ಬೇಡ.

ಎಲ್ಲರೂ ಎಡವುವುದು ಭಯದಲ್ಲಿ. ಪರೀಕ್ಷೆ ಹತ್ತಿರ ಬಂದರೆ ಒಂದು ಹರಕೆ, ಯಾರೋ ಶನಿಕಾಟ ಎಂದರೆ ಇನ್ನೊಂದು. ಮೈಮೇಲೆ ಕಟ್ಟಿದ ಲಿಂಗವನ್ನು ಕಿರಿದು ಮಾಡಿ, ಬೆಟ್ಟದ ಗುಡಿಯ ಲಿಂಗವನ್ನು ಹಿರಿದು ಮಾಡುವವರ ಮೇಲೆ ವಚನಕಾರ ಅಂಬಿಗರ ಚೌಡಯ್ಯನವರು ಕೆರಳಿದ್ದು ಇದಕ್ಕೇ. ಗೆಳೆಯರು ಗುಡಿಗೆ ಕರೆದರೆ ಜೊತೆಗೆ ಹೋಗು, ಅವರ ನಂಬಿಕೆಯನ್ನು ಹಳಿಯಬೇಡ. ಅಲ್ಲಿ ಹರಕೆ ಮಾತ್ರ ಹೊರಬೇಡ.

ಕಂತೆ ಬಿರಿದರೆ ಅಪಶಕುನವೆಂದು ಹೆದರಬೇಡ, ಗುರುಗಳ ಬಳಿ ತೋರಿಸು. ಹಾಸ್ಟೆಲಿನಲ್ಲಿ ಪತ್ರೆ ಸಿಗದ ದಿನ ನೀರೊಂದೇ ಸಾಕು. ಲಿಂಗ ಕಟ್ಟಿಕೊಳ್ಳುವ ನಿನ್ನ ಶಿವದಾರ ಸವೆದಿದೆಯೆಂದು ನಿನ್ನವ್ವ ಹೇಳಿದಳು, ಹೊಸದನ್ನು ಇದರ ಜೊತೆ ಕಳಿಸಿದ್ದೇನೆ.

ನಿನ್ನ ದೊಡ್ಡಪ್ಪ