ಗುಡ್ಲು ಕೀಳಲು ಬಂದವರಿಗೆಲ್ಲ

ಹೋದ ಭಾನುವಾರ ನಮ್ಮ ಮನೆ ತಾರಸಿ ಮೇಲೆ ಕೂತು, ಚಿಗಳಿ ತಿಂದು, ರಾತ್ರಿ ಹನ್ನೊಂದರವರೆಗೆ ನಕ್ಕು ಹೋದ ಎಲ್ಲರಿಗೂ ಈ ಬರಹ. ಅವತ್ತು ಎರಡು ಮಾತಾಡು ಅಂದಿರಿ. ನಾನು "ಊಟ ಮಾಡಿ, ಸಾರು ಆರುತ್ತೆ" ಅಂದು ಕೂತುಬಿಟ್ಟೆ. ಗಂಟಲು ಕಟ್ಟಿತ್ತು. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಬರಲಾಗದವರಿಗೆ ಸ್ವಲ್ಪ ಹಿನ್ನೆಲೆ. ನನಗೆ 50 ತುಂಬಿತು. ಅದೇ ತಿಂಗಳು, ಮುಟ್ಟು ನಿಂತು 12 ತಿಂಗಳೂ ತುಂಬಿತು. ಒಂದು ವರ್ಷ ಪೂರ್ತಿ ಬರದಿದ್ದರೆ ಮಾತ್ರ ನಿಂತಿತು ಅಂತ ಡಾಕ್ಟರುಗಳ ಲೆಕ್ಕ. ಅಡುಗೆಮನೆ ಕ್ಯಾಲೆಂಡರಿನಲ್ಲಿ ತಿಂಗಳಿಗೊಂದು ಗೀಟು ಹಾಕುತ್ತಿದ್ದೆ. ಮೊದಲ ಸಲ ಏಳು ಗೀಟು ಆಗಿತ್ತು, ಮತ್ತೆ ಬಂತು. ಲೆಕ್ಕ ಮತ್ತೆ ಒಂದರಿಂದ. ಹಾವು ಏಣಿ ಆಟದಲ್ಲಿ ಮೇಲಿನ ಸಾಲಿಗೆ ಹೋಗಿ ಹಾವಿನ ಬಾಯಿಗೆ ಬಿದ್ದ ಹಾಗೆ.

ನಾನು ದೊಡ್ಡವಳಾದಾಗ 13 ವರ್ಷ. ಪಾಂಡವಪುರದ ಕಡೆಯ ನಮ್ಮೂರಲ್ಲಿ ಸೋದರಮಾವ ಬಂದು ನನ್ನನ್ನು ಕೂರಿಸಲು ಹಸಿ ಸೊಪ್ಪಿನ ಗುಡ್ಲು, ಅಂದರೆ ಪುಟ್ಟ ಗುಡಿಸಲು, ಹಾಕಿದ್ದರು. ಬೀದಿಯ ಹೆಂಗಸರೆಲ್ಲ ಎಳ್ಳು ಬೆಲ್ಲ ಕುಟ್ಟಿದ ಚಿಗಳಿ, ಕೊಬ್ಬರಿ, ತುಪ್ಪ ತಂದು ತಿನ್ನಿಸಿದರು. ಸೋಬಾನೆ ಹಾಡಿದರು, ಆರತಿ ಎತ್ತಿದರು. ನನಗೆ ನಾಚಿಕೆಯಲ್ಲಿ ಸತ್ತುಹೋಗೋಣ ಅನ್ನಿಸಿತ್ತು. ಅದು ಬೇರೆ ವಿಷಯ. ಬರುವಾಗ ಊರಿಗೇ ಗೊತ್ತಾಗಿ ಬಂದದ್ದು ಹೋಗುವಾಗ ಮಾತ್ರ ಯಾರಿಗೂ ಹೇಳದೆ, ಕಳ್ಳನ ಹಾಗೆ ಹಿಂಬಾಗಿಲಿಂದ ಹೋಗಬೇಕಾ? ಹೋದ ವರ್ಷ ಅಕ್ಕನ ಹತ್ತಿರ ಸುಮ್ನೆ ಹೀಗಂದಿದ್ದೆ, ಅಷ್ಟೇ. ಅವಳು ಅದನ್ನು ಮನಸ್ಸಲ್ಲಿ ಇಟ್ಟುಕೊಂಡಳು. ಅಕ್ಕ, ಮೊದಲ ನಮಸ್ಕಾರ ನಿನಗೆ.

ನಗುವ ವಿಷಯಕ್ಕೆ ಮೊದಲು ನಗದ ವಿಷಯ ಹೇಳಿಬಿಡುತ್ತೇನೆ. 47ರಲ್ಲಿ ನನಗೆ ತಿಂಗಳಿಗೆ ಹನ್ನೆರಡು, ಹದಿನೈದು ದಿನ ಹೋಗುತ್ತಿತ್ತು. "ಈ ವಯಸ್ಸಲ್ಲಿ ಹೀಗೇ" ಅಂತ ಎಲ್ಲರೂ ಹೇಳುತ್ತಾರಲ್ಲ, ನಾನೂ ಹಾಗೇ ಅಂದುಕೊಂಡೆ. ಒಂದು ದಿನ ಆಫೀಸಿನ ಮೆಟ್ಟಿಲ ಮೇಲೆ ಕಣ್ಣು ಕತ್ತಲೆ ಬಂದು ಕುಸಿದೆ. ಹಿಮೋಗ್ಲೋಬಿನ್ 7.2. ಮೊದಲು ಹೋದ ಕಡೆ ಹತ್ತು ನಿಮಿಷವೂ ನೋಡಲಿಲ್ಲ. "ಇಬ್ಬರು ಮಕ್ಕಳಿದ್ದಾರಲ್ಲ, ಗರ್ಭಕೋಶ ಇನ್ನೇನಕ್ಕೆ, ತೆಗೆಸಿಬಿಡಿ" ಅಂದರು. ಹಳೆ ಕುರ್ಚಿ ಗುಜರಿಗೆ ಹಾಕಿ ಅನ್ನುವ ಹಾಗೆ.

ಅವತ್ತು ಬಸ್ಸಿನಲ್ಲಿ ಅಳುತ್ತಿದ್ದ ನನ್ನನ್ನು ಇಳಿಸಿ, ಬಲ್ಲಾಳ್ ಸರ್ಕಲ್ ಹತ್ತಿರ ಕಾಫಿ ಕುಡಿಸಿ, ಇನ್ನೊಬ್ಬ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದವಳು ನನ್ನ ಪಿಯುಸಿ ಗೆಳತಿ. ಆ ಡಾಕ್ಟರಮ್ಮ ಸ್ಕ್ಯಾನ್ ಮಾಡಿಸಿದರು, ಒಳಪದರದ ಚೂರು ತೆಗೆದು ಟೆಸ್ಟಿಗೆ ಕಳಿಸಿದರು. ಒಂದು ಸಣ್ಣ ಗಡ್ಡೆ, ಕೆಟ್ಟದ್ದಲ್ಲ. ಮಾತ್ರೆಯಲ್ಲೇ ಹತೋಟಿಗೆ ಬಂತು. ಆಪರೇಷನ್ ಯಾರಿಗೂ ಬೇಡ ಅಂತ ನಾನು ಹೇಳುತ್ತಿಲ್ಲ, ನಮ್ಮ ಅಕ್ಕನಿಗೇ ಬೇಕಾಗಿತ್ತು. ಆದರೆ ನೋಡದೆ ಹೇಳಬಾರದು ಅಲ್ವಾ? ಆ ಡಾಕ್ಟರಮ್ಮ ಹೇಳಿದ ಇನ್ನೊಂದು ಮಾತನ್ನು ಸಿಕ್ಕವರಿಗೆಲ್ಲ ಹೇಳುತ್ತೇನೆ, ಇಲ್ಲಿಯೂ ಹೇಳುತ್ತೇನೆ: ವರ್ಷ ಪೂರ್ತಿ ನಿಂತ ಮೇಲೆ ಮತ್ತೆ ಒಂದು ಹನಿ ಕಂಡರೂ ಸುಮ್ಮನಿರಬೇಡಿ, ಹೋಗಿ ತೋರಿಸಿ.

ಅಪ್ಪನಿಗೆ ನಮಸ್ಕಾರ. ಮಂಡ್ಯ ಜಿಲ್ಲೆಯ ರೈತ ಬೆಳಿಗ್ಗೆ ಪೇಪರಿನಲ್ಲಿ ಮೊದಲು ನೋಡುವುದು ಕೆಆರ್‌ಎಸ್ ಮಟ್ಟ. ನನ್ನ ರಕ್ತದ ವಿಷಯ ತಿಳಿದ ಮೇಲೆ ಅಪ್ಪ ವಾರಕ್ಕೊಮ್ಮೆ ಫೋನ್ ಮಾಡಿ ಅದೇ ದನಿಯಲ್ಲಿ ಕೇಳುತ್ತಿದ್ದರು. "ಎಷ್ಟಾಯ್ತವ್ವ ಇವತ್ತು?" 8.1 ಅಂದರೆ "ಪರ್ವಾಗಿಲ್ಲ, ಒಳಹರಿವು ಅದೆ." 9.6 ಅಂದರೆ ಅಮ್ಮನಿಗೆ ಕೂಗಿ ಹೇಳುವುದು. ಹೊರಹರಿವು ಜಾಸ್ತಿ ಆಗಿದ್ದಕ್ಕೇ ಈ ಗತಿ ಅಪ್ಪಾ ಅಂತ ಬಾಯಿ ತುದಿಗೆ ಬಂದರೂ ಹೇಳಲಾಗಲಿಲ್ಲ. ಕಟ್ಟೆ ತುಂಬೋದು 124.80 ಅಡಿಗೆ, ನಿಂದು ಎಷ್ಟಕ್ಕೆ ಅಂತ ಕೇಳಿದರು. 12 ಅಂದೆ. 12 ದಾಟಿದ ದಿನ ಅಪ್ಪ ಊರಿನ ದೇವಸ್ಥಾನದಲ್ಲಿ ಪೂಜೆ ಮಾಡಿಸಿದ್ದಾರೆ. ಯಾಕೆ ಅಂತ ಪೂಜಾರಿಗೂ ಹೇಳಿಲ್ಲವಂತೆ.

ಕಬ್ಬಿಣದ ಮಾತ್ರೆಗೂ ಕಾಫಿಗೂ ಆಗಿಬರುವುದಿಲ್ಲ, ಕನಿಷ್ಠ ಒಂದು ಗಂಟೆ ಬಿಡಿ ಅಂದಿದ್ದರು. ಎದ್ದ ತಕ್ಷಣ ಫಿಲ್ಟರ್ ಕಾಫಿ ಇಲ್ಲದೆ ಮೈಸೂರಿನವರು ಹೇಗೆ ಬದುಕುವುದು? ಆರು ತಿಂಗಳು ದಿನಾ ಬೆಳಿಗ್ಗೆ ಕಾಂಪೌಂಡ್ ಮೇಲಿಂದ ಒಂದು ಲೋಟ ನಿಂಬೆ ಪಾನಕ ದಾಟಿಸಿ, ಕಾವಲು ನಿಂತು ಮಾತ್ರೆ ನುಂಗಿಸಿದ ಪಕ್ಕದ ಮನೆ ಆಂಟಿ, ನಿಮ್ಮ ಲೋಟಗಳಲ್ಲಿ ಎರಡು ಇನ್ನೂ ನಮ್ಮಲ್ಲೇ ಇವೆ.

ನಮ್ಮೆಜಮಾನರ ಬಗ್ಗೆ ಬರೆದರೆ ಅವರಿಗೆ ಮುಜುಗರ. ಬರೆಯುತ್ತೇನೆ. ಧನುರ್ಮಾಸದ ಚಳಿಯಲ್ಲಿ ರಾತ್ರಿ ಮೂರಕ್ಕೆ ನನಗೆ ಎದೆಯಿಂದ ತಲೆಗೆ ಬೆಂಕಿ ಹತ್ತಿದ ಹಾಗಾಗುತ್ತಿತ್ತು. ಈಸ್ಟ್ರೋಜನ್ ಇಳಿದಾಗ ಮೈ ಬಿಸಿ ನೋಡಿಕೊಳ್ಳುವ ಮಿದುಳಿನ ಭಾಗ ಹಾದಿ ತಪ್ಪುತ್ತದಂತೆ. ಸ್ವಲ್ಪವೇ ಬಿಸಿಯಾದರೂ ಊರಿಗೇ ಬೆಂಕಿ ಬಿದ್ದಂತೆ ಬೆವರು ಸುರಿಸುತ್ತದೆ. ಫ್ಯಾನ್ ಐದರಲ್ಲಿ. ಅವರು ಒಂದು ಮಾತಾಡದೆ ಕಂಬಳಿ ಹೊದ್ದು, ಮಂಕಿ ಕ್ಯಾಪ್ ಹಾಕಿಕೊಂಡು ಮಲಗಿದರು. ಎರಡು ಚಳಿಗಾಲ. ಆ ವೇಷದ ಫೋಟೋ ನನ್ನ ಹತ್ತಿರ ಇದೆ. ಮಗ ಮೆಡಿಕಲ್ ಶಾಪಿನಲ್ಲಿ "ಪೇಪರ್ ಸುತ್ತಬೇಡಿ ಅಂಕಲ್" ಅಂದು ಪ್ಯಾಡಿನ ಪ್ಯಾಕೆಟ್ ಸೈಕಲ್ ಹ್ಯಾಂಡಲ್ಲಿಗೆ ನೇತುಹಾಕಿಕೊಂಡು ಬಂದ ದಿನ ನಾನು ಅವನಿಗೆ ಏನೂ ಹೇಳಲಿಲ್ಲ. ಇವತ್ತು ಹೇಳುತ್ತೇನೆ. ಥ್ಯಾಂಕ್ಸ್ ಕಣೋ.

ಇನ್ನು ನಮ್ಮ ಚಾಮುಂಡಿ ಬೆಟ್ಟ ಹತ್ತುವ ಗುಂಪು. ಹೆಸರಿಗೆ ಸಾವಿರ ಮೆಟ್ಟಿಲು. ಮೊದಲ ಭಾನುವಾರ ನೂರೈವತ್ತಕ್ಕೇ ಕೂತೆವು. ಕೆಳಗಿಳಿದು ಮಸಾಲೆ ದೋಸೆ ತಿಂದೆವು, ಹತ್ತಿದ್ದಕ್ಕಿಂತ ತಿಂದದ್ದೇ ಜಾಸ್ತಿ. ಗೋಕುಲಂಗೆ ಯೋಗ ಕಲಿಯಲು ದೇಶ ದೇಶದಿಂದ ಬರುತ್ತಾರೆ, ಕುವೆಂಪುನಗರದ ನಾವು ಬಗ್ಗಿ ಚಪ್ಪಲಿ ಹಾಕಿಕೊಳ್ಳಲು ಗೋಡೆ ಹಿಡಿಯುತ್ತೇವೆ ಅಂತ ಒಬ್ಬಳು ಅಂದಾಗ ಮೆಟ್ಟಿಲ ಮೇಲೆ ಬಿದ್ದು ನಕ್ಕಿದ್ದು ನೆನಪಿದೆಯಾ? ಸುಮಾರು ಏಳುನೂರನೇ ಮೆಟ್ಟಿಲ ಹತ್ತಿರ ಒಂದೇ ಬಂಡೆಯಲ್ಲಿ ಅಷ್ಟು ದೊಡ್ಡ ನಂದಿಯನ್ನು ಕೂರಿಸಿದ ದೊಡ್ಡ ದೇವರಾಜ ಒಡೆಯರಿಗೂ ಒಂದು ನಮಸ್ಕಾರ ಸಲ್ಲಬೇಕು. ಅವರು ಆಳಿದ್ದು 1659ರಿಂದ 1673ರವರೆಗೆ. ಮಂಡಿ ನೋಯುವವರು ಎಲ್ಲಿ ಕೂರುತ್ತಾರೆ ಅಂತ ಅವತ್ತೇ ಗೊತ್ತಿತ್ತೋ ಏನೋ.

ಮಗಳೇ, ನಿನಗೆ ಈಜಿನ ಲೆಕ್ಕ. ನಮ್ಮೂರ ಪಕ್ಕದಲ್ಲೇ ವಿಶ್ವೇಶ್ವರಯ್ಯ ನಾಲೆ. ಅಣ್ಣಂದಿರು ದಿನಾ ಧುಮುಕುತ್ತಿದ್ದರು. ಚಿಕ್ಕವಳಿದ್ದಾಗ ನಾನೂ ದಡದಲ್ಲಿ ಕಾಲು ಬಡಿಯುತ್ತಿದ್ದೆ. ಗುಡ್ಲಿನಿಂದ ಎದ್ದು ಬಂದ ಮೇಲೆ "ಇನ್ನು ನೀರಿಗೆ ಇಳಿಯಬೇಡ" ಅಂದರು. ಆಮೇಲೆ ನಾನು ನಾಲೆಗೆ ಹೋದದ್ದು ಬಟ್ಟೆ ಒಗೆಯಲು ಮಾತ್ರ. ಈ ಕತೆ ಕೇಳಿ ನೀನು ಸರಸ್ವತಿಪುರಂ ಈಜುಕೊಳಕ್ಕೆ ದುಡ್ಡು ಕಟ್ಟಿ ಬಂದೆ. ಮೂರು ದಿನ ಕಂಬಿ ಬಿಡಲಿಲ್ಲ. ನಾಲ್ಕನೇ ವಾರ ಕೊಳದ ಅಡ್ಡಕ್ಕೆ ಒಂದು ಸಲ, ನಿಲ್ಲದೆ ಹೋದೆ. ಮೇಲೆ ಬಂದಾಗ ಪಕ್ಕದಲ್ಲಿ ಏಳು ವರ್ಷದ ಹುಡುಗಿ "ಸೂಪರ್ ಅಜ್ಜಿ" ಅಂದಳು. ಅಜ್ಜಿ! ಇರಲಿ, ಸೂಪರ್ ಅಂದಳಲ್ಲ.

ಭಾನುವಾರದ ವಿಷಯಕ್ಕೆ ಬರುತ್ತೇನೆ. ಹುಟ್ಟುಹಬ್ಬ ಅಂತ ಮಾತ್ರ ನನಗೆ ಹೇಳಿದ್ದರು. ಸಂಜೆ ತಾರಸಿಗೆ ಹೋದರೆ ಮೂಲೆಯಲ್ಲಿ ತೆಂಗಿನ ಗರಿ, ಅತ್ತಿ ಸೊಪ್ಪಿನ ಪುಟ್ಟ ಗುಡ್ಲು. ಪಕ್ಕದಲ್ಲಿ ಹೆಗಲ ಟವೆಲ್ಲಿನಿಂದ ಬೆವರು ಒರೆಸಿಕೊಳ್ಳುತ್ತಾ ನಮ್ಮ ಸೋದರಮಾವ. 78 ವರ್ಷ. ಸೊಪ್ಪಿನ ಕಂತೆ ಇಟ್ಟುಕೊಂಡು ಪಾಂಡವಪುರದಿಂದ ರೈಲಿನಲ್ಲಿ ಬಂದಿದ್ದಾರೆ. ಅಕ್ಕ ಅವರಿಗೆ ವಿಷಯ ಮುಚ್ಚುಮರೆಯಿಲ್ಲದೆ ಹೇಳಿದ್ದಾಳೆ. ನನಗೆ 13ರ ಅದೇ ನಾಚಿಕೆ. ಮಾವ ಮಾತ್ರ ಬೆಲ್ಲದ ರೇಟು ಹೇಳುವಷ್ಟು ಸಲೀಸಾಗಿ ಅಂದರು: "ಗುಡ್ಲು ಹಾಕ್ದೋನು ನಾನೇಯ. ಕೀಳಕ್ಕೂ ನಾನೇ ಬರ್ಬೇಕಲ್ವವ್ವ?"

ಅಲ್ಲಿಗೆ ನನ್ನ ಮಾತು ನಿಂತಿದ್ದು.

ದೊಡ್ಡಮ್ಮ ಸೋಬಾನೆ ಶುರು ಮಾಡಿ, ಇದಕ್ಕೆ ಪದವೇ ಇಲ್ಲವಲ್ಲೇ ಅಂದು ಅರ್ಧಕ್ಕೆ ನಿಲ್ಲಿಸಿ, ತಾವೇ ಎರಡು ಸಾಲು ಕಟ್ಟಿ ಹಾಡಿದರು. ಆ ಸಾಲು ಇಲ್ಲಿ ಬರೆಯುವ ಹಾಗಿಲ್ಲ. ಕೇಳಿದವರು ಇನ್ನೂ ನಗುತ್ತಿದ್ದೀರಿ ಅಂತ ಗೊತ್ತು. ಮದುವೆಯಾಗಿ ಬಂದ ಮೇಲೆ ಅನ್ನದ ಮನೆಯಲ್ಲಿ ಮರೆತೇಹೋಗಿದ್ದ ಮುದ್ದೆಗೆ, ಅವತ್ತು ಉಪ್ಸಾರಿನ ಜೊತೆ ಮೂರು ಸಲ ಕೈ ಒಡ್ಡಿದವರು ನಮ್ಮತ್ತೆ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಮಿಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ, ಮೂಳೆಗೆ ಒಳ್ಳೆಯದು ಅಂತ ನಾನು ಎರಡು ವರ್ಷ ಹೇಳಿದರೂ ತಿಂದಿರಲಿಲ್ಲ. ಮಾವ ಒಂದು ಸಲ "ಉಣ್ಣಿ ಬೀಗ್ತಿ" ಅಂದದ್ದೇ ಸಾಕಾಯಿತು.

ಗುಡ್ಲು ಇನ್ನೂ ತಾರಸಿ ಮೇಲಿದೆ. ಸೊಪ್ಪು ಒಣಗಿ ಸರಪರ ಅನ್ನುತ್ತಿದೆ. ಕೀಳಲು ಬಂದ ಮಾವ ಕೀಳದೇ ಹೊರಟರು, ಬರೋ ಭಾನುವಾರ ಬತ್ತೀನಿ, ಯಾರೂ ಮುಟ್ಟಬೇಡಿ ಅಂದು. ಅವತ್ತು ನೀವೂ ಬನ್ನಿ. ನಾಲ್ಕು ಸ್ಟೀಲ್ ಡಬ್ಬ, ಒಂದು ಛತ್ರಿ, ಯಾರದ್ದೋ ಓದುವ ಕನ್ನಡಕ ಇಲ್ಲೇ ಬಿಟ್ಟಿದ್ದೀರಿ. ಕನ್ನಡಕ ನನ್ನ ಕಣ್ಣಿಗೆ ಸರಿಯಾಗಿ ಕೂತಿದೆ. ಬೇಗ ಬಂದರೆ ಸಿಗುತ್ತದೆ.