ಹಳೇ ಕಾರಿನ ಹಿಂದಿನ ಕೈ

ಮಾನ್ಯರೇ,

ನಮ್ಮ ಅಗ್ರಹಾರದ ಹಳೇ ಕಾರುಗಳ ಮೆಕ್ಯಾನಿಕ್ ಕಳೆದ ತಿಂಗಳು ತೀರಿಕೊಂಡರು. ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತರೂ ಅವರ ಶೆಡ್ಡಿನಲ್ಲಿ ಅದಕ್ಕೆ ವಯಸ್ಸೇ ಆಗಿರಲಿಲ್ಲ. ತುಕ್ಕಿನ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆಯುವವರೇ ಜಾಸ್ತಿ. ಇವರು ತುಕ್ಕು ತಿಂದ ತಗಡನ್ನು ಕತ್ತರಿಸಿ, ಹೊಸದನ್ನು ವೆಲ್ಡ್ ಮಾಡಿ, ಬಾಗಿಲು ಒಂದೇ ಬೆರಳಿಗೆ ಮುಚ್ಚುವ ತನಕ ಬಿಡುತ್ತಿರಲಿಲ್ಲ. ಸಂಜೆ ಆರಾದರೆ ಮಾತ್ರ ಎಂಥ ಗಿರಾಕಿ ಬಂದರೂ ಶೆಡ್ಡಿಗೆ ಬೀಗ! ಹೆಂಡತಿಗೆ ಒಂದು ಮೊಳ ಮಲ್ಲಿಗೆ, ಮೊಮ್ಮಕ್ಕಳಿಗೆ ಕಡಲೆಕಾಯಿ ಕಟ್ಟಿಸಿಕೊಂಡು ಸೀದಾ ಮನೆಗೆ. ದುಡ್ಡೇನೂ ಮಾಡಲಿಲ್ಲ ಬಿಡಿ.

ಶ್ರೀರಂಗಪಟ್ಟಣದ ‘ಪಯಣ’ ಸಂಗ್ರಹಾಲಯಕ್ಕೆ ಹೋದರೆ ಹಳೇ ಕಾರಿನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತೇವೆ, ಅಲ್ವಾ? ಎಲ್ಲೇ ಇಂಥ ಕಾರು ಪ್ರದರ್ಶನಕ್ಕಿಟ್ಟರೂ ಪಕ್ಕದ ಫಲಕದಲ್ಲಿ ಅದನ್ನು ಸರಿಮಾಡಿದವರ ಹೆಸರೂ ಇರಲಿ. ಐಟಿಐಗಳು ಈ ಕೆಲಸ ಕಲಿಸಲು ಇಂಥ ಹಿರಿಯರನ್ನು ಕರೆಸಲಿ.

–ಓದುಗ, ಅಗ್ರಹಾರ, ಮೈಸೂರು