ಮೈಬಣ್ಣದ ಮಾತು: ಎಲ್ಲರೂ ಓದಿ

ಗೆಳೆಯರೇ, ನಿನ್ನೆ ರಾತ್ರಿ ನಮ್ಮ ಈ ಗ್ರೂಪಿಗೆ ಹೊಸದಾಗಿ ಸೇರಿದವರೊಬ್ಬರ ಫೋಟೊ ಕೆಳಗೆ ‘ಕಪ್ಪಗಿದ್ರೂ ಲಕ್ಷಣವಾಗಿದ್ದೀರ’ ಅಂತ ಮೆಸೇಜ್ ಬಂತು. ಅದಕ್ಕೆ ನಾಲ್ಕು ನಗುವ ಇಮೋಜಿ. ಬೆಳಿಗ್ಗೆ ನೋಡಿದರೆ ಅವರು ಫೋಟೊ ಅಳಿಸಿದ್ದಾರೆ. ತುಂಬಾ ಸಂಕಟವಾಯಿತು.

ಇಂಥ ಭೇದ ಬೇರೆ ಕಡೆಯೂ ಇದೆ. ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಸಲಿಂಗಿಗಳು ಸೇರುವ ಗೇ ಬಾರ್‌ಗಳೇ ಬಟ್ಟೆ, ಬೂಟಿನ ನೆಪ ಹೇಳಿ ಕಪ್ಪು ಜನರನ್ನು ಹೊರಗಿಡುತ್ತಿವೆ ಎಂಬ ದೂರುಗಳೆದ್ದವು. 2017ರ ಜೂನ್‌ನಲ್ಲಿ ಆ ನಗರ ಲೈಂಗಿಕ ಅಲ್ಪಸಂಖ್ಯಾತ ಸಮುದಾಯದ ಗುರುತಾದ ಕಾಮನಬಿಲ್ಲಿನ ಬಾವುಟದ ಮೇಲ್ಭಾಗಕ್ಕೆ ಕಪ್ಪು, ಕಂದು ಪಟ್ಟಿ ಸೇರಿಸಿ ಹಾರಿಸಿತು. ಆರು ಪಟ್ಟಿ ಎಂಟಾಯಿತು. ಅದಕ್ಕೂ ತಕರಾರು ಬಂತು, ಅದೂ ಸಮುದಾಯದ ಒಳಗಿನಿಂದಲೇ.

ಇನ್ನು ಮುಂದೆ ಇಲ್ಲಿ ಮೈಬಣ್ಣ, ಜಾತಿ ಎತ್ತಿ ಆಡುವ ಮಾತು ಬೇಡ. ಸುಮ್ನೆ ತಮಾಷೆಗೂ ಬೇಡ. ಬಂದರೆ ಅಳಿಸುತ್ತೇನೆ, ಬರೆದವರಿಗೆ ಫೋನ್ ಮಾಡುತ್ತೇನೆ. ಬರೆದವರು, ನಕ್ಕ ನಾಲ್ವರು ಇವತ್ತೇ ಆ ಹೊಸಬರ ಹತ್ತಿರ ಕ್ಷಮೆ ಕೇಳಿ.